ಸಣ್ಣಾಕಿಯ ಮುಖ

ಲ್ಯಾಬಿನವರು ಕೊಟ್ಟ ಪೆಟ್ಟಿಗೆಗೆ ಮುಖವೇ ಇರಲಿಲ್ಲ. ತಕರಾರು ಶುರುವಾದದ್ದೇ ಅಲ್ಲಿಂದ.

ಈಗೇನು ಬಿಡಿ, ಜೀವಕೋಶದ ಕಂಪ್ಯೂಟರ್ ಅಂದರೆ ಯಾರೂ ಕಣ್ಣರಳಿಸುವುದಿಲ್ಲ. ಆಸ್ಪತ್ರೆಗಳಲ್ಲಿವೆ, ಮನೆಗಳಲ್ಲಿವೆ, ಡ್ರೈವರ್ ತೂಕಡಿಸುವ ಮೊದಲೇ ಕೂಗಿ ಎಬ್ಬಿಸುವಂಥವು ಲಾರಿಗಳಲ್ಲೂ ಬಂದಿವೆ. ನಾನು ಹೇಳುತ್ತಿರುವುದು ಅವಿನ್ನೂ ಪರೀಕ್ಷೆಯಲ್ಲಿದ್ದ ಕಾಲದ ಮಾತು. ಆಗ ಇಡೀ ಗದಗಿನಲ್ಲಿ ಇದ್ದದ್ದು ಒಂದೇ ಒಂದು. ಅದೂ ಎಲ್ಲಿ? ನನ್ನ ತಂಗಿ ನೀಲಾಳ ಖಾನಾವಳಿಯ ಅಡುಗೆಮನೆಯಲ್ಲಿ, ಶೇಂಗಾ ಚಟ್ನಿ ಡಬ್ಬಿಯ ಪಕ್ಕದಲ್ಲಿ.

ನಾನು ಕಲ್ಲಿನಾಥ. ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದವನು, ಓಣಿಯವರಿಗೆಲ್ಲ ಮಾಸ್ತರ. ಮದುವೆಯ ಗೊಡವೆಗೆ ಹೋಗಲಿಲ್ಲ. ಖಾನಾವಳಿಯ ಮೇಲಿನ ಕೋಣೆಯಲ್ಲಿ ನನ್ನ ವಾಸ, ಕೆಳಗೆ ನೀಲಾಳ ಕೈಯ ಊಟ. ಇದಕ್ಕಿಂತ ಸುಖದ ಸಂಸಾರವನ್ನು ನಾನು ಯಾರ ಮನೆಯಲ್ಲೂ ನೋಡಿಲ್ಲ. ಸಿಟ್ಟಿನ ಮನುಷ್ಯ ಅಂತ ನನಗೆ ಹೆಸರಿದೆ. ಇರಲಿ, ಸುಮ್ಮನೆ ಬಂದ ಹೆಸರೇನೂ ಅಲ್ಲ.

ನೀಲಾಳಿಗೆ ಫಿಟ್ಸ್ ಬರುತ್ತಿತ್ತು. ಗುಳಿಗೆಗೆ ಬಗ್ಗದ ಜಾತಿಯದು. ಒಮ್ಮೆ ರೊಟ್ಟಿ ಬೇಯಿಸುತ್ತಿದ್ದಾಗಲೇ ಬಂದು, ಕಾದ ಹಂಚಿನ ಮೇಲೆ ಬಿದ್ದು, ಬಲಗೈ ಮೊಣಕೈವರೆಗೆ ಸುಟ್ಟಿತು. ಆಮೇಲೆ ಡಾಕ್ಟರರು ಬೆಂಕಿಯ ಹತ್ತಿರ ಸುಳಿಯಲೇಬಾರದು ಅಂದುಬಿಟ್ಟರು. ಅಡುಗೆಯನ್ನು ಕಾಶವ್ವ ನೋಡಿಕೊಂಡಳು. ಅವಳು ಮೊದಲಿನಿಂದಲೂ ನೀಲಾಳ ಜೊತೆ ರೊಟ್ಟಿ ಬಡಿಯುತ್ತಿದ್ದವಳೇ, ಕೈ ಒಳ್ಳೆಯದೇ. ಗಿರಾಕಿಗಳೂ ಕಡಿಮೆಯಾಗಲಿಲ್ಲ. ಆದರೆ ನೀಲಾ ಗಲ್ಲೆಯ ಮೇಲೆ ಕುಳಿತು ರೊಕ್ಕ ಎಣಿಸುತ್ತ ದಿನದಿನಕ್ಕೆ ಬಾಡಿಹೋದಳು.

"ಅಣ್ಣಾ, ಒಲಿ ಮುಂದ ನಿಂದ್ರದ ನಾ ಎಂಥಾ ಖಾನಾವಳಿಯಾಕಿ?" ಅಂದಳು ಒಂದು ದಿನ. "ಇಲ್ಲಿ ಕುಂತ್ರ ನನ್ನ ಮನ್ಯಾಗ ನಾನ ಬೀಗತಿ ಆದಂಗ ಅನಸ್ತೈತಿ."

ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಮತ್ತೆ ಬೆಂಕಿಯ ಮುಂದೆ ನಿಲ್ಲುವುದು. ಅದಕ್ಕಾಗಿಯೇ ನಾವು ಧಾರವಾಡದ ಆ ಲ್ಯಾಬಿನ ಬಾಗಿಲು ತಟ್ಟಿದ್ದು.

ಲ್ಯಾಬಿನಲ್ಲಿದ್ದವರು ಡಾಕ್ಟರ್ ಮೃದುಲಾ. ಮೈಸೂರು ಕಡೆಯವರು, ಸಣ್ಣ ವಯಸ್ಸು, ಮಾತು ಮೆತ್ತಗೆ. ನೀಲಾಳ ತೋಳಿನಿಂದ ಚರ್ಮದ ಒಂದು ಚೂರು ತೆಗೆದುಕೊಂಡರು. ಆ ಚರ್ಮದ ಕೋಶಗಳನ್ನು ಹಿಂದಕ್ಕೆ ಎಳೆದು ಮೊದಲಿನ ಎಳೆತನಕ್ಕೆ ತಂದು, ಅಲ್ಲಿಂದ ನರಕೋಶಗಳಾಗಿ ಬೆಳೆಸುತ್ತಾರಂತೆ. ಕೆಲವು ತಿಂಗಳ ಮೇಲೆ ನಮಗೆ ತೋರಿಸಿದರು. ಗಾಜಿನ ಬಟ್ಟಲಲ್ಲಿ, ಕೂದಲಿಗಿಂತ ಸಣ್ಣ ತಂತಿಗಳ ಹಾಸಿನ ಮೇಲೆ, ಹೆಸರುಕಾಳಿನಷ್ಟು ಬಿಳಿ ಮುದ್ದೆ.

"ಇದು ನಿಮ್ಮ ಮಿದುಳಲ್ಲಮ್ಮ, ಹೆದರ್ಕೋಬೇಡಿ. ಇದಕ್ಕೆ ಯೋಚನೆ ಇಲ್ಲ, ನೋವಿಲ್ಲ," ಅಂದರು ಮೃದುಲಾ. "ಆದ್ರೆ ನಿಮ್ಮ ಮಿದುಳಿನ ಲಯ ಇದಕ್ಕೆ ಚೆನ್ನಾಗಿ ಅರ್ಥ ಆಗುತ್ತೆ. ನಿಮ್ಮ ಕಿವಿ ಹಿಂದೆ ಒಂದು ಪಟ್ಟಿ ಅಂಟಿಸ್ತೀವಿ. ಅಲ್ಲಿಂದ ಸಿಗ್ನಲ್ ಇಲ್ಲಿಗೆ ಬರುತ್ತೆ. ಫಿಟ್ಸ್ ಬರೋ ಮುಂಚೆ ಮಿದುಳಲ್ಲಿ ಒಂಥರಾ ಗದ್ದಲ ಶುರುವಾಗುತ್ತೆ. ಅದನ್ನ ಇವು ನಿಮಗಿಂತ ಮುಂಚೆ ಕೇಳಿಸ್ಕೊಂಡು ಪೆಟ್ಟಿಗೆನ ಕೂಗಿಸ್ತವೆ. ನೀವು ಬೆಂಕಿ ಬಿಟ್ಟು ದೂರ ಹೋಗಿ ಮಲಗೋಕೆ ಸಮಯ ಸಿಗುತ್ತೆ."

"ಇದನ್ನ ಸಾದಾ ಕಂಪ್ಯೂಟರ್ ಮಾಡಂಗಿಲ್ಲೇನ್ರಿ?" ಅಂತ ನಾನು ಕೇಳಿದೆ.

"ಮಾಡಿ ನೋಡಿದ್ವಿ ಸರ್. ನಿದ್ದೆ ಕೆಟ್ರೆ ಲಯ ಬದಲಾಗುತ್ತೆ, ಉಪವಾಸ ಮಾಡಿದ್ರೆ ಬದಲಾಗುತ್ತೆ. ಅದು ಕಲಿಯೋ ಹೊತ್ತಿಗೆ ಇವರು ಬಿದ್ದಿರ್ತಾರೆ. ಇವು ಹಾಗಲ್ಲ, ಇವರ ಜೊತೆಗೇ ಬದಲಾಗ್ತವೆ."

ನೀಲಾ ಇಷ್ಟು ಹೊತ್ತೂ ಆ ಬಟ್ಟಲನ್ನೇ ನೋಡುತ್ತಿದ್ದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಇದರ ಹೊಟ್ಟಿಗೇನ್ರಿ?"

ಮೃದುಲಾ ನಕ್ಕರು. ಸಕ್ಕರೆ, ಲವಣ ಬೆರೆತ ಒಂದು ಸಾರು ಇರುತ್ತದೆ, ಚೀಲದಲ್ಲಿ ತೂಗುಬಿಟ್ಟಿರುತ್ತೇವೆ, ಬಟನ್ ಒತ್ತಿದರೆ ಒಂದು ಗುಟುಕು ಹೋಗುತ್ತದೆ ಅಂದರು. ತಾನಾಗಿಯೇ ಉಣಿಸುವ ಪಂಪು ಹಿಂದೊಮ್ಮೆ ಸಿಕ್ಕಿಕೊಂಡು ಇಡೀ ಬಟ್ಟಲು ಮುಳುಗಿತ್ತಂತೆ. ಅದಕ್ಕೇ ಮನುಷ್ಯರ ಕೈಗೆ ಬಿಟ್ಟಿದ್ದರು. ಮನುಷ್ಯರ ಕೈ ಎಂಥದ್ದು ಅಂತ ಅವರಿಗಿನ್ನೂ ಗೊತ್ತಿರಲಿಲ್ಲ.

ಕರಾರು ಹೀಗಿತ್ತು. ಮೊದಲು ಕೆಲವು ವಾರ ನೀಲಾ ಬೆಂಕಿಯಿಂದ ದೂರವೇ ಇರಬೇಕು. ಪೆಟ್ಟಿಗೆ ಪ್ರತಿಸಲವೂ ಸರಿಯಾಗಿ ಕೂಗಿದರೆ ಒಲೆಯ ಮುಂದೆ ನಿಲ್ಲಬಹುದು, ಕಾಶವ್ವ ಪಕ್ಕದಲ್ಲಿರಬೇಕು. ಆಮೇಲೆ ಒಂದು ಸಲ ತಪ್ಪಿದರೂ ಪೆಟ್ಟಿಗೆ ವಾಪಸ್, ನೀಲಾ ಗಲ್ಲೆಗೆ ವಾಪಸ್.

ಮನೆಗೆ ತಂದ ದಿನವೇ ನೀಲಾ ಅದರ ಸುತ್ತ ಒಂದು ಸುತ್ತು ಹಾಕಿ ಮೂಗು ಮುರಿದಳು. ಬಿಳಿ ಪ್ಲಾಸ್ಟಿಕ್ ಡಬ್ಬಿ. ಒಂದು ಹಸಿರು ಬಲ್ಬು, ಅದು ಕರೆಂಟ್ ಇದ್ದರೆ ಉರಿಯುತ್ತದೆ, ಒಳಗಿನವು ಬದುಕಿರಲಿ ಸತ್ತಿರಲಿ.

"ಅಣ್ಣಾ, ಇದಕ್ಕ ಮಾರೀನ ಇಲ್ಲಲ್ಲೋ. ಮಾರಿ ಕಾಣದಾಕಿನ ನಂಬಿ ನಾ ಬೆಂಕಿ ಮುಂದ ಹೆಂಗ ನಿಂದ್ರಲಿ? ಹಸದಾಳೋ, ಉಂಡಾಳೋ, ಒಂದೂ ತಿಳಿಯಂಗಿಲ್ಲ. ನೀ ಇಷ್ಟ್ ವರ್ಷ ಹುಡುಗುರಿಗೆ ಏನ್ ಕಲಿಸೀದಿ? ಇದಕ್ಕೊಂದು ಮುಖಾ ಮಾಡಿ ಕೊಡು."

ನೋಡಿ, ಅವಳು ಅದನ್ನು 'ಆಕಿ' ಅಂದದ್ದು ಅವತ್ತೇ. ತನ್ನ ಮೈಯಿಂದಲೇ ಹುಟ್ಟಿದ್ದು, ತನಗಿಂತ ಚಿಕ್ಕದು ಅಂತ 'ಸಣ್ಣಾಕಿ' ಅಂತ ಹೆಸರಿಟ್ಟಳು. ಆಮೇಲೆ ನಾವೆಲ್ಲ ಹಾಗೆಯೇ ಕರೆದೆವು.

ಮೃದುಲಾ ಅವರಿಗೆ ಫೋನ್ ಮಾಡಿದೆ. ಪೆಟ್ಟಿಗೆಯಿಂದ ಹೊರಬರುವ ಮಾಹಿತಿಯ ತಂತಿಯೊಂದಿದೆ, ಅದನ್ನು ಓದಿಕೊಳ್ಳಬಹುದು ಅಂದರು. "ಓದೋ ತಂತಿ ಮಾತ್ರ ಮುಟ್ಟಿ ಸರ್. ಒಳಗೆ ಹೋಗೋದನ್ನ ಮುಟ್ಟಿದ್ರೆ ನಾನು ಬಂದು ನಿಮ್ಮ ಖಾನಾವಳಿ ಮುಂದೆ ಧರಣಿ ಕೂರ್ತೀನಿ."

ನನ್ನ ಟ್ರಂಕಿನಲ್ಲಿ ಸಣ್ಣ ಎಲ್‌ಸಿಡಿ ಪರದೆಯೊಂದಿತ್ತು. ಎರಡು ಸಾಲು, ಸಾಲಿಗೆ ಹದಿನಾರು ಅಕ್ಷರ, ಹಳದಿ-ಹಸಿರು ಬೆಳಕು. ಐಟಿಐಯಲ್ಲಿ ಹುಡುಗರು ಕಲಿಯುವುದೇ ಇದರ ಮೇಲೆ. ಅದನ್ನೂ ಆ ಬಿಳಿ ಡಬ್ಬಿಯನ್ನೂ ಒಟ್ಟಿಗೆ ಕೂರಿಸಲು ಕೇಸ್ ಬೇಕಲ್ಲ? ಸಣ್ಣಾಕಿ ಮನುಷ್ಯರ ಮೈಯಷ್ಟೇ ಬಿಸಿಯಲ್ಲಿ ಇರಬೇಕು, ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಅಂಗಡಿಯಲ್ಲಿ ಸಿಗುವ ತಗಡಿನ ಕೇಸುಗಳನ್ನು ನೋಡಿ ನೋಡಿ ತಲೆಕೆಟ್ಟಿತು. ಕಡೆಗೆ ನನ್ನ ಕಣ್ಣು ಬಿದ್ದದ್ದು ನಮ್ಮದೇ ಅಡುಗೆಮನೆಯ ಮೂಲೆಯಲ್ಲಿದ್ದ ಹಾಟ್‌ಬಾಕ್ಸಿನ ಮೇಲೆ. ಮದುವೆ ಮನೆಗಳಿಗೆ ರೊಟ್ಟಿ ಒಯ್ಯುವ ದೊಡ್ಡ ಚೌಕದ್ದು, ಎರಡು ಗೋಡೆಯ ನಡುವೆ ಫೋಮ್ ತುಂಬಿದ್ದು. ಬಿಸಿ ಹಿಡಿದಿಡುವುದಕ್ಕೆಂದೇ ಹುಟ್ಟಿದ ವಸ್ತು!

ಅಂದಾನಪ್ಪ ಮಾತ್ರ ಹೌಹಾರಿದ. ಅಂದಾನಪ್ಪ ಅಂದರೆ ನೀಲಾಳ ಗಂಡ. ಸಂತೆ ಮಾಡುವುದು, ಬಡಿಸುವುದು ಅವನ ಕೆಲಸ. ಬಡಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.

"ಮಾಸ್ತರ, ಅದು ಚಲೋ ಐತ್ರಿ! ಅದಕ್ಯಾಕ ತೂತ ಹೊಡೀತೀರಿ?"

"ನಿನ್ನ ಹೇಂತಿಗಿಂತ ಚಲೋ ಐತೇನೋ?" ಅಂದೆ. ತಾನೇ ಎತ್ತಿ ತಂದು ನನ್ನ ಮುಂದಿಟ್ಟ.

ಮುಂಭಾಗದಲ್ಲಿ ಪರದೆಯ ಅಳತೆಗೆ ಗೆರೆ ಹೊಡೆದು, ಸುತ್ತ ಸಾಲಾಗಿ ತೂತು ಕೊರೆದು, ನಡುವಿನ ಭಾಗ ಕತ್ತರಿಸಿ ತೆಗೆದು, ಅಂಚನ್ನು ಅರದಿಂದ ಉಜ್ಜಿದೆ. ತಂತಿಗಳನ್ನು ಮುಚ್ಚಳದ ಸಂದಿಯಲ್ಲಿ ತೂರಿಸಿದ್ದು ಮೂರ್ಖತನವಾಯಿತು, ಮುಚ್ಚಿದ ಮೊದಲ ಸಲವೇ ಒಂದು ಕತ್ತರಿಸಿಹೋಯಿತು. ಬದಿಯಲ್ಲಿ ಬೇರೆ ತೂತು ಕೊರೆದು ರಬ್ಬರ್ ಬಳೆ ಹಾಕಿ ಅದರೊಳಗಿಂದ ತಂದೆ. ಕರೆಂಟಿಗೆ ಎರಡು ತಂತಿ, ಅಕ್ಷರ ಕಳಿಸಲು ನಾಲ್ಕು, ಹೇಳಿದ್ದನ್ನು ಈಗ ತಗೋ ಅನ್ನಲು ಒಂದು, ಇದು ಅಕ್ಷರವೋ ಅಪ್ಪಣೆಯೋ ಅಂತ ತಿಳಿಸಲು ಇನ್ನೊಂದು. ಬೆಸುಗೆ ಹಾಕಿ ಸ್ವಿಚ್ ಒತ್ತಿದರೆ ಪರದೆ ತುಂಬ ಕಪ್ಪು ಚೌಕಗಳು! ನೀಲಾಳ ಮುಖ ಸಪ್ಪಗಾಯಿತು. ನನಗೆ ಮಾತ್ರ ಗೊತ್ತಿತ್ತು. ಹಿಂದಿನ ಪುಟ್ಟ ತಿರುಪನ್ನು ಸ್ಕ್ರೂಡ್ರೈವರಿನಿಂದ ಒಂಚೂರು ತಿರುಗಿಸಿದೆ. ಚೌಕಗಳು ಮಾಯವಾಗಿ ಅಕ್ಷರ ಮೇಲೆ ಬಂತು.

ಕನ್ನಡ ಅಕ್ಷರ. ಅದಕ್ಕೂ ಒಂದು ಕಥೆಯಿದೆ. ಆ ಪರದೆಗೆ ಕನ್ನಡ ಬರುವುದಿಲ್ಲ. ನಾವಾಗಿಯೇ ಚುಕ್ಕಿ ಇಟ್ಟು ಬರೆದುಕೊಟ್ಟರೆ ಎಂಟು ಅಕ್ಷರ ಮಾತ್ರ ನೆನಪಿಟ್ಟುಕೊಳ್ಳುತ್ತದೆ, ಒಂಬತ್ತನೆಯದಕ್ಕೆ ಜಾಗವಿಲ್ಲ. ಒಂದೊಂದಕ್ಕೂ ಐದು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಮನೆ. ತಲೆಕಟ್ಟು ಇಟ್ಟರೆ ಹೊಟ್ಟೆಗೆ ಜಾಗವಿಲ್ಲ, ಹೊಟ್ಟೆ ಇಟ್ಟರೆ ಕೊಂಬಿಗಿಲ್ಲ. ಚೌಕದ ಹಾಳೆಯ ಮೇಲೆ ಬರೆದು ಅಳಿಸಿ ಬರೆದು ಅಳಿಸಿ ಎರಡು ಮಾತು ಹೊಂದಿಸಿದೆ. ಸಾರಿನಲ್ಲಿ ಸಕ್ಕರೆ ಇಳಿದರೆ 'ಹಸಿವು'. ತಕ್ಕಷ್ಟು ಇದ್ದರೆ 'ಸಾಕು'.

ಪರದೆ ಕೂರಿಸಿದ ಮೇಲೆ ಕೋಶಗಳ ಮಿಡಿತದ ದಾಖಲೆ ಒಮ್ಮೆ ಕಳಿಸಿ ಅಂದಿದ್ದರು ಮೃದುಲಾ. ಕಳಿಸಿದ ಮೊದಲ ದಿನವೇ ಧಾರವಾಡದಿಂದ ಫೋನ್. "ಸರ್, ಏನ್ ಮಾಡಿದ್ರಿ? ಕೋಶಗಳೆಲ್ಲ ಒಂದೇ ತಾಳದಲ್ಲಿ ಕುಣೀತಿವೆ!" ಪರದೆಯ ದೀಪ ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿಣುಕುತ್ತಿತ್ತು, ಆ ಮಿಣುಕು ತಂತಿಯಗುಂಟ ಒಳಗೆ ಹೋಗಿತ್ತು. ಜಾಲರಿ ಸುತ್ತಿದ ತಂತಿ ಹಾಕಿ, ದೀಪಕ್ಕೊಂದು ಕೆಪಾಸಿಟರ್ ಕಟ್ಟಿದೆ. ಕುಣಿತ ನಿಂತಿತು. ಪಾಪ, ನನ್ನನ್ನು ಬೈಯಬೇಕಾಗಿದ್ದ ಆ ಹುಡುಗಿ ಥ್ಯಾಂಕ್ಸ್ ಅಂದರು.

ಸಂಜೆ ಪರದೆಯ ಮೇಲೆ 'ಹಸಿವು' ಬಂತು. ನೀಲಾ ಬಟನ್ ಒತ್ತಿ ಒಂದು ಗುಟುಕು ಕೊಟ್ಟಳು. ಸ್ವಲ್ಪ ಹೊತ್ತಿಗೆ 'ಸಾಕು' ಬಂತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡಿದಳು.

"ಯವ್ವಾ, ಮಾತಾಡಿದ್ಳಲ್ಲೋ ಅಣ್ಣಾ!"

ನನ್ನ ಇಡೀ ನೌಕರಿಯಲ್ಲಿ ಯಾವ ಶಿಷ್ಯನೂ ಕೊಡದ ಸರ್ಟಿಫಿಕೇಟು ಅದು.

ಮುಂದಿನ ವಾರಗಳಲ್ಲಿ ಪೆಟ್ಟಿಗೆ ಕೂಗಿದಾಗಲೆಲ್ಲ ಫಿಟ್ಸ್ ಬಂತು, ಕೂಗದೆ ಒಮ್ಮೆಯೂ ಬರಲಿಲ್ಲ. ಮೃದುಲಾ ಒಪ್ಪಿಗೆ ಕೊಟ್ಟರು. ನೀಲಾ ಮತ್ತೆ ಒಲೆಯ ಮುಂದೆ ನಿಂತ ಬೆಳಿಗ್ಗೆ ಅಂದಾನಪ್ಪ ಹಂಚಿಗೆ ಕುಂಕುಮ ಹಚ್ಚಿದ. ಕಾಶವ್ವ ಕಣ್ಣೊರೆಸಿಕೊಂಡು, "ಹೊಗಿ ಆತ್ರಿ" ಅಂದಳು. ಗ್ಯಾಸ್ ಒಲೆಯಲ್ಲಿ ಎಲ್ಲಿಯ ಹೊಗೆ? ನೀಲಾ ಜೋಳದ ಹಿಟ್ಟಿಗೆ ಬಿಸಿನೀರು ಬೆರೆಸಿ ನಾದಿ, ಸುಟ್ಟ ಗಾಯದ ಕೈಯಿಂದಲೇ ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ರೊಟ್ಟಿ ಉಬ್ಬಿತು. ಆ ರೊಟ್ಟಿಯನ್ನು ಅವಳು ನನ್ನ ತಾಟಿಗೇ ಹಾಕಿದಳು. ನಾನು ತಲೆ ಬಗ್ಗಿಸಿ ತಿಂದೆ, ಮೇಲೆ ನೋಡಲಿಲ್ಲ.

ಸಣ್ಣಾಕಿ ಮನೆಯ ಮಗಳಾದಳು. ದಿನಾ ಬರುವ ಗಿರಾಕಿಗಳೂ ಒಳಗೆ ಇಣುಕಿ, "ಏನಂತಾಳ್ರೀ ಸಣ್ಣಾಕಿ?" ಅಂತ ಕೇಳಿಯೇ ಕೈ ತೊಳೆಯಲು ಹೋಗುವರು.

ಹೀಗೆ ಎಲ್ಲ ಸರಿಯಾಗಿದೆ ಅನ್ನುವಾಗಲೇ ಅದು ಆದದ್ದು.

ಒಂದು ಮಧ್ಯಾಹ್ನ, ಊಟದ ಭರಾಟೆ. ಪೆಟ್ಟಿಗೆ ಸುಮ್ಮನಿತ್ತು. ನೀಲಾ ರೊಟ್ಟಿ ತಿರುವುತ್ತ ನಿಂತವಳು ಹಾಗೆಯೇ ಮರಗಟ್ಟಿದಳು. ಕಾಶವ್ವ ಸೆರಗು ಹಿಡಿದು ಹಿಂದಕ್ಕೆ ಜಗ್ಗದಿದ್ದರೆ ಮತ್ತೆ ಹಂಚಿನ ಮೇಲೆಯೇ. ಇಬ್ಬರೂ ನೆಲಕ್ಕೆ ಬಿದ್ದರು, ಹಿಟ್ಟಿನ ಬುಟ್ಟಿ ಅವರ ಮೇಲೆ ಬಿತ್ತು. ದೇವರು ದೊಡ್ಡವನು, ಯಾರಿಗೂ ಸುಡಲಿಲ್ಲ.

ನಾನು ಸಣ್ಣಾಕಿಯ ಮುಂದೆ ಹೋಗಿ ನಿಂತೆ. ಪರದೆಯ ಮೇಲೆ ತಣ್ಣಗೆ 'ಸಾಕು' ಅಂತಿತ್ತು.

ಎಚ್ಚರವಾದ ಮೇಲೆ ನೀಲಾ ಅಳಲಿಲ್ಲ. ಮೈಮೇಲಿನ ಹಿಟ್ಟನ್ನೂ ಕೊಡವಿಕೊಳ್ಳಲಿಲ್ಲ. ಎದ್ದು ಹೋಗಿ ಗಲ್ಲೆಯ ಮೇಲೆ ಕುಳಿತಳು. 

ಮರುದಿನ ಇಬ್ಬರೂ ಪೆಟ್ಟಿಗೆ ಹೊತ್ತುಕೊಂಡು ಧಾರವಾಡಕ್ಕೆ ಹೋದೆವು. ಮೃದುಲಾ ಬಟ್ಟಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತುಂಬ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದರು. ಮೊದಲು ನೋಡಿದಾಗ ಬಳ್ಳಿಯಂತೆ ತೆಳ್ಳಗೆ ಹಬ್ಬಿಕೊಂಡಿದ್ದ ಕೋಶಗಳು ಈಗ ಊದಿ, ಮಬ್ಬಾಗಿ, ಒಂದಕ್ಕೊಂದು ಒತ್ತಿಕೊಂಡು ಬಿದ್ದಿದ್ದವು. ಬೆರಳೆಣಿಕೆಯಷ್ಟು ಮಾತ್ರ ಆಗೀಗ ಮಿಡಿಯುತ್ತಿದ್ದವು.

"ಸಾರೆಲ್ಲ ಹುಳಿಯಾಗಿದೆ ಸರ್," ಅಂದರು. "ಸಕ್ಕರೆ ವಿಪರೀತ ಆಗಿದೆ. ಇವು ತಿಂದೂ ತಿಂದೂ ಸೋತುಹೋಗಿವೆ. ತಿಂಗಳಿಡೀ ಬರಬೇಕಾದ ಚೀಲ ಆಗಲೇ ಖಾಲಿ. ಯಾರು ಇಷ್ಟು ಕೊಟ್ಟಿದ್ದು?"

"ನಾ ಮುಂಜಾನಿ ಸಂಜಿಗೆ, ಹಸಿವು ಅಂದಾಗ ಅಷ್ಟ ಕೊಟ್ಟೇನ್ರಿ," ಅಂದಳು ನೀಲಾ. ಸುಳ್ಳಾಡುವವಳಲ್ಲ.

"ಸಕ್ಕರಿ ಹೆಚ್ಚಾದ್ರ ನಿಮ್ಮ ಪೆಟಗಿ ಯಾಕ ಕೂಗಲಿಲ್ಲರಿ?" ಅಂತ ನಾನು ದನಿ ಏರಿಸಿದೆ.

ಮೃದುಲಾ ತಲೆ ತಗ್ಗಿಸಿದರು. "ಕಡಿಮೆ ಆದ್ರೆ ಕೂಗೋ ಹಾಗೆ ಮಾಡಿದ್ವಿ. ಜಾಸ್ತಿ ಆಗಬಹುದು ಅಂತ ನಮಗೆ ಹೊಳೀಲೇ ಇಲ್ಲ."

ಲ್ಯಾಬಿನವರಿಗೆ ಅವು ಹೊಟ್ಟೆಗಿಲ್ಲದೆ ಸತ್ತಾವೆಂಬ ಭಯವಿತ್ತೇ ಹೊರತು ಉಂಡು ಸತ್ತಾವೆಂಬ ಭಯವಿರಲಿಲ್ಲ. ಅವರು ಹುಳಿ ಸಾರನ್ನು ತೆಗೆದು, ಗಂಜಿಯಂತೆ ತೆಳುವಾದದ್ದನ್ನು ಹಾಕಿ ಬಟ್ಟಲನ್ನು ಲ್ಯಾಬಿನಲ್ಲೇ ಇಟ್ಟುಕೊಂಡರು. ಬದುಕಿದರೂ ಬದುಕಬಹುದು ಅಂದರು. ಆದರೆ ಬದುಕಿದರೂ ಮನೆಗೆ ಕೊಡುವಂತಿಲ್ಲ. ಇಂಥ ಪೆಟ್ಟಿಗೆ ಮನೆಗಳಲ್ಲಿ ಇಡುವಂಥದ್ದಲ್ಲ ಅಂತ ಬರೆದು ಪರೀಕ್ಷೆಯನ್ನೇ ನಿಲ್ಲಿಸಬೇಕಾಗುತ್ತದೆ. ಅದಕ್ಕೂ ಮೊದಲು ಒಮ್ಮೆ ನಮ್ಮ ಅಡುಗೆಮನೆ ನೋಡುತ್ತೇನೆ, ಕಾರಣ ಏನಾದರೂ ಸಿಕ್ಕೀತು ಅಂದರು.

ಖಾಲಿ ಹಾಟ್‌ಬಾಕ್ಸ್ ಹೊತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ನೀಲಾ ಒಂದೇ ಮಾತು ಅಂದಳು. "ಕೊಂದಬಿಟ್ವೇನೋ ಅಣ್ಣಾ ಆಕಿನ?"

 ಮನೆಗೆ ಬಂದು ಎಲ್ಲರ ಮೇಲೂ ಹರಿಹಾಯ್ದೆ. ಅಂದಾನಪ್ಪ ಬಸವಣ್ಣನ ಆಣೆ ಇಟ್ಟ, ಒಮ್ಮೆಯೂ ಹಸಿವಿಲ್ಲದಾಗ ಊಟ ಹಾಕಿಲ್ಲ ಅಂದ. ಕಾಶವ್ವ ಮಕ್ಕಳ ಮೇಲೆ ಆಣೆ ಇಟ್ಟಳು. ನಾನಂತೂ ಹಾಕಿಯೇ ಇಲ್ಲ ಅಂತ ನನಗೆ ಖಾತ್ರಿ ಇತ್ತು.

ಮೃದುಲಾ ಬಂದವರು ಅಡುಗೆಮನೆಯನ್ನೆಲ್ಲ ಸೋಸಿದರು. ಒಲೆಯ ಝಳ ಅಳೆದರು, ಉಗಿ ಅಳೆದರು, ನನ್ನ ಬೆಸುಗೆಯನ್ನು ಕನ್ನಡಕ ತೆಗೆದು ಹಾಕಿ ತೆಗೆದು ಹಾಕಿ ನೋಡಿದರು. ಏನೂ ಸಿಗಲಿಲ್ಲ. ಮುಖ ಬಾಡಿತ್ತು. ಅವರಿಗೂ ಆ ವರದಿ ಬರೆಯುವ ಮನಸ್ಸಿರಲಿಲ್ಲ.

"ಮೊದ್ಲ ಊಟಾ ಮಾಡ್ರಿ, ಆಮ್ಯಾಲ ಬರೀರಿ," ಅಂತ ನೀಲಾ ಎಬ್ಬಿಸಿ ಕೂರಿಸಿದಳು.

ಅಂದಾನಪ್ಪ ತಾಟು ಇಟ್ಟ. ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು. ಮೃದುಲಾ ಚೆನ್ನಾಗಿಯೇ ಉಂಡರು. ಅಂದಾನಪ್ಪ ಇನ್ನೊಂದು ರೊಟ್ಟಿ ತಂದ.

"ಸಾಕು."

ತಾಟಿಗೆ ಹಾಕಿದ. ಅವರು ಕಷ್ಟಪಟ್ಟು ಮುಗಿಸಿದರು. ಮತ್ತೊಂದು ತಂದ.

"ಅಯ್ಯೋ ಸಾಕು ಸಾಕು, ನಿಜವಾಗ್ಲೂ ಸಾಕು!"

"ತಗೋರಿ ಡಾಕ್ಟರ್ರ, ಹೆಚ್ಚೇನಾಗಂಗಿಲ್ಲ," ಅಂತ ಅವರ ಕೈಯ ಅಡಿಯಿಂದಲೇ ರೊಟ್ಟಿ ಜಾರಿಸಿದ. ಹಿಂದೆಯೇ ಕಾಶವ್ವ ಪಲ್ಯ ತಂದು ಅದರ ಮೇಲೆ ಸುರಿದಳು. ನಾನು, ಇದರಲ್ಲೇನೂ ವಿಶೇಷವಿಲ್ಲವೆಂಬಂತೆ, ಚಟ್ನಿಯ ಡಬ್ಬಿಯನ್ನು ಅವರ ಕಡೆ ಸರಿಸಿದೆ.

ಮೂರನೆಯ ಸಲ ಅಂದಾನಪ್ಪ ರೊಟ್ಟಿ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಮೃದುಲಾ ನೀರಿನ ಲೋಟ ಎತ್ತಿ ತಾಟಿನಲ್ಲಿಯೇ ಕೈ ತೊಳೆದುಬಿಟ್ಟರು. ಅಂದಾನಪ್ಪ ಅಲ್ಲಿಯೇ ನಿಂತ. ರೊಟ್ಟಿಯನ್ನು ಬುಟ್ಟಿಗೆ ವಾಪಸ್ ಇಟ್ಟ.

ಮೃದುಲಾ ಒದ್ದೆ ಕೈಯಲ್ಲೇ ಅವನನ್ನು ನೋಡಿದರು. ಆಮೇಲೆ ಮೂಲೆಯಲ್ಲಿದ್ದ ಖಾಲಿ ಹಾಟ್‌ಬಾಕ್ಸನ್ನು ನೋಡಿದರು, ಅದರ ನಂದಿಹೋದ ಪರದೆಯನ್ನು ನೋಡಿದರು.

"ಅಂದಾನಪ್ಪನವರೇ, ನಿಜ ಹೇಳಿ. ಸಣ್ಣಾಕಿ 'ಸಾಕು' ಅಂದಾಗ ನೀವೇನು ಮಾಡ್ತಿದ್ರಿ?"

"ಏನ್ ಮಾಡೂದ್ರಿ? ಒಂದ್ ಗುಟುಕು ಹಾಕತಿದ್ನಿ." ಏನು ತಪ್ಪೆಂದು ಅವನಿಗೆ ತಿಳಿಯಲೇ ಇಲ್ಲ.

"ಊಟ ಹಾಕಿಲ್ಲ ಅಂದ್ರಿ!"

"ಅದೇನ್ ಊಟಾ ಹಾಕಿದಂಗ ಅಲ್ರಿ, ಮರ್ಯಾದಿ. ಸಾಕು ಅಂದಾರಂತ ಸುಮ್ನ ಬಿಟ್ರ ಮನಿಗ್ಬಂದವ್ರು ಏನ್ ತಿಳ್ಕೊಂತಾರ?"

ಕಾಶವ್ವ ಮೆಲ್ಲಗೆ, "ನಾನೂ ಒಂದ್ ಗುಟುಕು ಹಾಕತಿದ್ನಿರಿ, ಹೋಗ್ತಾ ಬರ್ತಾ," ಅಂದಳು. ನೀಲಾ ಸೆರಗಿನ ತುದಿ ತಿರುವುತ್ತ, "ಸಾಕು ಅಂದ ಮ್ಯಾಲ ಒಂದು. ಅದನ್ನ ಲೆಕ್ಕಕ್ಕ ಹಿಡೀಬೇಕಂತ ನನಗ ಗೊತ್ತಾಗ್ಲಿಲ್ರಿ," ಅಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಏನು ಹೇಳಲಿ? ದಿನಾ ಕೆಳಗಿಳಿದು ಬಂದಾಗ 'ಸಾಕು' ಅಂತ ಕಂಡರೆ, ಅಯ್ಯೋ ಸಂಕೋಚದ ಹುಡುಗಿ ಅಂತ ನನ್ನ ಬೆರಳೂ ಹೋಗುತ್ತಿತ್ತು. ಆ ಪದವನ್ನು ಚುಕ್ಕಿ ಚುಕ್ಕಿ ಇಟ್ಟು ಬರೆದವನು ನಾನೇ! ಗಿರಾಕಿಗಳಲ್ಲಿ ಎಷ್ಟು ಜನ ಹಾಕಿದ್ದರೋ, ಆ ಬಸವಣ್ಣನಿಗೇ ಗೊತ್ತು.

ಮೃದುಲಾ ನಗಲು ಶುರುಮಾಡಿದವರು ನಿಲ್ಲಿಸಲಾರದೆ ಹೋದರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು.

"ಪೆಟ್ಟಿಗೇಲಿ ತಪ್ಪಿಲ್ಲ, ಕೋಶಗಳಲ್ಲೂ ತಪ್ಪಿಲ್ಲ," ಅಂದರು. "ನೀವು ಯಾರ ಸಾಕನ್ನೂ ನಂಬೋ ಜನ ಅಲ್ಲ. ಸರ್, ಸಾಕು ಅಳಿಸಿಬಿಡಿ. ನೀವು ಮೀರೋಕಾಗದೇ ಇರೋದು ಒಂದಿದೆ, ಈಗ ತಾನೇ ನೋಡಿದೆ."

ನನಗೂ ಅದೇ ಹೊಳೆದಿತ್ತು. ಅಲ್ಲಿಯೇ ಹಾಳೆ ತಂದು ಕುಳಿತೆ. 'ಸಾಕು' ಹೋದರೆ ಎರಡು ಅಕ್ಷರದ ಜಾಗ ಬಿಡುಗಡೆ. 'ಹಸಿವು' ಮೂರು ಅಕ್ಷರ ಇರಲಿ. ಉಳಿದ ಐದರಲ್ಲಿ 'ಕೈ ತೊಳದೈತಿ'. ಎಂಟೂ ಭರ್ತಿ, ಒಂದು ಅಕ್ಷರ ಹೆಚ್ಚಿದ್ದರೂ ಕೂರುತ್ತಿರಲಿಲ್ಲ. ಐದು ಚುಕ್ಕಿಯ ಅಗಲದಲ್ಲಿ 'ದೈ' ಬರೆಯುವುದಕ್ಕೆ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಮೃದುಲಾ ತಮ್ಮ ಕಡೆಯಿಂದ ಸಕ್ಕರೆ ಹೆಚ್ಚಾದರೂ ಕೂಗುವಂತೆ ಮಾಡಿದರು, ಪರೀಕ್ಷೆ ನಿಲ್ಲಿಸುವ ವರದಿಯನ್ನು ಬರೆಯಲಿಲ್ಲ.

ಇನ್ನು ಸಣ್ಣಾಕಿ ಬದುಕಬೇಕಿತ್ತಲ್ಲ. ನೀಲಾ ಪ್ರತಿ ಸೋಮವಾರ ಧಾರವಾಡಕ್ಕೆ ಹೋಗಿ ಲ್ಯಾಬಿನ ಕಿಟಕಿಯ ಹೊರಗೆ ಕುಳಿತು ಬರುತ್ತಿದ್ದಳು. ಬರಿಗೈಯಲ್ಲಿ ಹೋಗುವುದು ಹೇಗೆ ಅಂತ ಅಲ್ಲಿ ಕೆಲಸ ಮಾಡುವವರಿಗೆಲ್ಲ ರೊಟ್ಟಿ ಬುತ್ತಿ ಒಯ್ಯುವಳು, ಕಾಶವ್ವ ಬಡಿದ ರೊಟ್ಟಿ. ಒಂದು ಸೋಮವಾರ ಮೃದುಲಾ ಅವರೇ ಓಡಿಬಂದು ಅವಳನ್ನು ಒಳಗೆ ಕರೆದೊಯ್ದು ಸೂಕ್ಷ್ಮದರ್ಶಕದ ಮುಂದೆ ನಿಲ್ಲಿಸಿದರಂತೆ. ಊತ ಇಳಿದಿತ್ತು. ತೆಳ್ಳಗಿನ ಹೊಸ ಎಳೆಗಳು ಒಂದನ್ನೊಂದು ಹುಡುಕಿಕೊಂಡು ಹೊರಟಿದ್ದವು. ಅವತ್ತು ನೀಲಾ ಬಸ್‌ಸ್ಟ್ಯಾಂಡಿನಿಂದಲೇ ನನಗೆ ಫೋನ್ ಮಾಡಿದಳು, ಮಾತಾಡಲಾಗದೆ ಬರೀ ಅತ್ತಳು. ನಾನೂ "ಆತು ಬಿಡು, ಆತು ಬಿಡು" ಅನ್ನುತ್ತ ಈ ಕಡೆ ಕಣ್ಣೊರೆಸಿಕೊಂಡೆ.

ಸಣ್ಣಾಕಿ ಮನೆಗೆ ಬಂದಳು. ಮತ್ತೆ ಕೆಲವು ವಾರ ಗಲ್ಲೆಯ ಮೇಲೆ ಕುಳಿತು ಕಾದ ಮೇಲೆ ನೀಲಾ ಒಲೆಯ ಮುಂದೆ ನಿಂತಳು. ಈ ಸಲ ಯಾರೂ ಕುಂಕುಮ ಹಚ್ಚಲಿಲ್ಲ. ಎಲ್ಲರಿಗೂ ಒಳಗೊಳಗೇ ದಿಗಿಲು. ಒಮ್ಮೆ ತಪ್ಪಿದ್ದು ಇನ್ನೊಮ್ಮೆ ತಪ್ಪಲಾರದು ಅಂತ ಯಾರಿಗೆ ಗೊತ್ತು?

ಅಮಾವಾಸ್ಯೆಯ ಮರುದಿನದ ಮಧ್ಯಾಹ್ನ. ಹೊರಗೆ ಎಲ್ಲ ತಾಟುಗಳೂ ತುಂಬಿದ್ದವು. ಹಂಚಿನ ಮೇಲೆ ರೊಟ್ಟಿ ಇತ್ತು, ನೀಲಾಳ ಕೈಯಲ್ಲಿ ಇನ್ನೊಂದು ಅರ್ಧ ಬಡಿದದ್ದಿತ್ತು. ಸಣ್ಣಾಕಿ ಕೂಗಿದಳು.

ನೀಲಾ ಕೈಯ ಹಿಟ್ಟನ್ನು ಬುಟ್ಟಿಗೆ ಒರೆಸಿ, ಅವಸರ ಮಾಡದೆ ಉಗ್ರಾಣದ ಕೋಣೆಗೆ ಹೋಗಿ ಚಾಪೆಯ ಮೇಲೆ ಮಗ್ಗುಲಾದಳು. ಕಾಶವ್ವ ಒಲೆ ಆರಿಸಿದಳು. ನಾನು ತಲೆಯ ಕೆಳಗೆ ಮಡಿಚಿದ ಚಾದರ ಇಟ್ಟು ಪಕ್ಕದಲ್ಲಿ ಕುಳಿತೆ. ಆಮೇಲೆ ಬಂತು. ಮೈ ಸೆಟೆಯಿತು, ಅಲುಗಿತು, ಸಡಿಲವಾಯಿತು, ಹೋಯಿತು. ಸುತ್ತ ಬೆಂಕಿಯಿಲ್ಲ, ಕಬ್ಬಿಣವಿಲ್ಲ, ತಣ್ಣನೆಯ ನೆಲ ಮತ್ತು ಜೋಳದ ಚೀಲಗಳು ಮಾತ್ರ.

ಕಣ್ಣು ಬಿಟ್ಟವಳು ಸ್ವಲ್ಪ ಹೊತ್ತು ಜಂತಿಯನ್ನೇ ನೋಡುತ್ತ ಮಲಗಿದ್ದಳು. ಆಮೇಲೆ ಕಾಶವ್ವ ಕೊಟ್ಟ ನೀರು ಕುಡಿದು, ನನ್ನ ಹೆಗಲು ಹಿಡಿದು ಎದ್ದು ನೆಟ್ಟಗೆ ಸಣ್ಣಾಕಿಯ ಹತ್ತಿರ ಹೋದಳು. ಪರದೆಯ ಮೇಲೆ 'ಕೈ ತೊಳದೈತಿ' ಅಂತಿತ್ತು. ಆದರೂ ಅವಳ ಬೆರಳು ಬಟನ್ನಿನ ಮೇಲೆ ಹೋಯಿತು. 

"ಇಷ್ಟ್ ಮಾಡಿದಾಕಿಗೆ ಒಂದ ಗುಟುಕೂ ಕೊಡಬಾರದೇನಣ್ಣಾ?"

 ಹುಟ್ಟಿದಾಗಿನಿಂದ ಅವಳಿಗೆ ಕೃತಜ್ಞತೆ ಹೇಳಲು ಗೊತ್ತಿದ್ದ ದಾರಿ ಅದೊಂದೇ. ನಾನು ಪರದೆಯ ಕಡೆ ಬೆರಳು ತೋರಿಸಿದೆ.

"ಬ್ಯಾಡವಾ ನೀಲಾ. ಕೈ ತೊಳದಾಳ."

ಅವಳು ಬೆರಳು ತೆಗೆದಳು. ಪರದೆಯ ಮೇಲೆ ಕೂತಿದ್ದ ಉಗಿಯನ್ನು ಸೆರಗಿನಿಂದ ಒರೆಸಿದಳು. ಹಿಟ್ಟು ಮೆತ್ತಿದ ಎರಡೂ ಕೈ ಜೋಡಿಸಿ, "ಜೀವಾ ಉಳಿಸೀದಿ ನನ್ನವ್ವಾ. ಭಾಳ ದೊಡ್ಡ ಉಪಕಾರ ಆತು," ಅಂದಳು. ಕೊಡಲು ಕೈಯಲ್ಲಿ ಏನೂ ಇಲ್ಲದೆ ಅವಳು ಯಾರಿಗಾದರೂ ಉಪಕಾರ ಹೇಳಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಬಾಗಿಲಲ್ಲಿ ಖಾಲಿ ಬುಟ್ಟಿ ಹಿಡಿದು ನಿಂತಿದ್ದ ಅಂದಾನಪ್ಪ ಮೂಗು ಒರೆಸಿಕೊಂಡು ಕೆಮ್ಮಿದ.

"ಹೊರಗ ರೊಟ್ಟಿ ಮುಗದಾವು. ಏನ್ ಹೇಳ್ಲಿ ಅವ್ರಿಗೆ? ಕಾಶವ್ವಗ ಹೇಳ್ಲೇನು?"

ನೀಲಾ ಕಾಶವ್ವನ ಕಡೆ ನೋಡಿದಳು. ಕಾಶವ್ವ ಒಲೆ ಹೊತ್ತಿಸಿ ಪಕ್ಕಕ್ಕೆ ಸರಿದಳು. ಹಂಚು ಕಾಯುವವರೆಗೆ ನೀಲಾ ಉರಿಯನ್ನೇ ನೋಡುತ್ತ ನಿಂತಳು, ಆಮೇಲೆ ಹಿಟ್ಟಿನ ಉಂಡೆ ತೆಗೆದುಕೊಂಡಳು.

"ಕೂಡ್ರಸ್ರಿ ಅವ್ರನ್ನ," ಅಂದಳು. "ನಾ ಬಡ್ಯಾಕತ್ತೇನಿ."